ಕೆಮ್ಮಣ್ಣಿನಲ್ಲಿ ಬೆಲ್ಟ್ ಬಗ್ಗಿ: ಬೆಲ್ಟ್, ಪುಲ್ಲಿ ಬೇಗ ಸವೆಯದಂತೆ ನೋಡಿಕೊಳ್ಳುವ ಬಗೆ

ರಿಮೋಟಿನಿಂದ ಓಡಿಸುವ ಪುಟ್ಟ ಕಾರಿನ, ಅಂದರೆ ಬಗ್ಗಿಯ, ಮೋಟಾರಿನ ಬಲವನ್ನು ಚಕ್ರಗಳಿಗೆ ಒಯ್ಯುವ ಬೆಲ್ಟ್ ಕೈಕೊಟ್ಟಾಗ ಎಲ್ಲರೂ ಮೊದಲು ಬೈಯುವುದು ಮೋಟಾರನ್ನು. ‘ಬ್ರಷ್‌ಲೆಸ್ ಮೋಟಾರು ಹಾಕಿದ ಮೇಲೆ ಬೆಲ್ಟ್ ತಡೆಯುತ್ತಿಲ್ಲ’ ಎನ್ನುವುದು ಸಾಮಾನ್ಯ ದೂರು. ಮೈಸೂರು, ಮಂಡ್ಯದ ಕಡೆ ಓಡುವ ಕಾರುಗಳ ಮಟ್ಟಿಗೆ ಮೋಟಾರು ಎರಡನೆಯ ಆರೋಪಿ ಮಾತ್ರ. ಮೊದಲನೆಯ ಆರೋಪಿ ನಮ್ಮ ಕಾಲ ಕೆಳಗಿನ ಮಣ್ಣು. ಬೆಲ್ಟ್ ಕಾರು ದುರ್ಬಲ ಎಂಬ ಮಾತಿಗೂ ಆಧಾರವಿಲ್ಲ. 1987ರಲ್ಲಿ ಇಂಗ್ಲೆಂಡಿನ ರಾಮ್ಸಿಯಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಜಪಾನಿನ ಮಸಾಮಿ ಹಿರೋಸಾಕ ನಾಲ್ಕು ಚಕ್ರ ಚಾಲನೆಯ ವಿಭಾಗವನ್ನು ಗೆದ್ದದ್ದು ಶುಮಾಕರ್ ಕ್ಯಾಟ್ ಎಂಬ ಬೆಲ್ಟ್ ಕಾರಿನಲ್ಲೇ. ತಾಮಿಯಾದ ಡಿಬಿ01 ಕೂಡ ಎರಡು ಬೆಲ್ಟಿನ ಕಾರು. ಯುರೋಪಿನಲ್ಲಿ ಇಂಥ ಕಾರುಗಳು ಈಗ ಹೆಚ್ಚಾಗಿ ಕಾರ್ಪೆಟ್ ಅಥವಾ ಕೃತಕ ಹುಲ್ಲಿನ ಮೇಲೆ ಓಡುತ್ತವೆ. ಅಲ್ಲಿಯವರು ಹೇಳುವ ನಿರ್ವಹಣೆಯ ಅವಧಿಯನ್ನು ರಿಂಗ್ ರಸ್ತೆಯಾಚೆಯ ಖಾಲಿ ಸೈಟಿನಲ್ಲಿ ಓಡುವ ಕಾರಿಗೆ ಅನ್ವಯಿಸಿದರೆ ಲೆಕ್ಕ ತಪ್ಪುವುದು ಸಹಜ.

ಮೊದಲು ಮಣ್ಣನ್ನು ಓದಿ

ಎರಡು ಊರುಗಳ ನಡುವೆ ಒಂದು ಗಂಟೆಯ ದಾರಿ, ಆದರೆ ಬೆಲ್ಟನ್ನು ಕೆಡಿಸುವ ರೀತಿ ಬೇರೆ ಬೇರೆ.

ಮೈಸೂರಿನ ಸುತ್ತ ಹೆಚ್ಚಾಗಿ ಕಾಣುವುದು ಮರಳು ಬೆರೆತ ಕೆಮ್ಮಣ್ಣು. ಗ್ರಾನೈಟ್ ಮತ್ತು ನೈಸ್ ಶಿಲೆಗಳು ಶಿಥಿಲವಾಗಿ ಹುಟ್ಟಿದ ಮಣ್ಣು ಇದು. ಅದರಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. ಮೋಸ್ ಮಾಪಕದಲ್ಲಿ ಬೆಣಚಿನ ಗಡಸುತನ 7, ಅಲ್ಯೂಮಿನಿಯಂನದು 3ಕ್ಕೂ ಕಡಿಮೆ. ಪುಲ್ಲಿಯ ಮೇಲಿರುವ ಕಪ್ಪು ಆನೊಡೈಸ್ ಪದರ ಬೆಣಚಿಗೆ ಸ್ವಲ್ಪ ಕಾಲ ಎದುರು ನಿಲ್ಲುತ್ತದೆ. ಆದರೆ ಆ ಪದರದ ದಪ್ಪ ಮಿಲಿಮೀಟರಿನ ಕೆಲವೇ ನೂರನೆಯ ಭಾಗ. ಅದು ಹೋದ ಮೇಲೆ ಉಳಿಯುವ ಮೆದು ಲೋಹವನ್ನು ಮಣ್ಣು ಅರದಂತೆ ಉಜ್ಜುತ್ತದೆ. ಹೊಸ ಬಡಾವಣೆಗಳಲ್ಲಿ ಇದಕ್ಕಿಂತ ಕೆಟ್ಟದ್ದೊಂದಿದೆ, ಎಂ-ಸ್ಯಾಂಡ್. ಹೊಳೆಮರಳಿನ ಕಣ ನೀರಿನಲ್ಲಿ ಉರುಳಿ ಅಂಚು ಕಳೆದುಕೊಂಡಿರುತ್ತದೆ. ಎಂ-ಸ್ಯಾಂಡ್ ಯಂತ್ರದಲ್ಲಿ ಒಡೆದ ಕಲ್ಲು, ಪ್ರತಿ ಕಣಕ್ಕೂ ಚೂಪು ಮೂಲೆಗಳು. ಮನೆ ಕಟ್ಟುವ ಸೈಟಿನ ಪಕ್ಕದ ಮರಳು ಗುಡ್ಡೆಯನ್ನು ಜಿಗಿತದ ದಿಬ್ಬ ಮಾಡಿಕೊಳ್ಳುವ ಆಸೆ ಯಾರಿಗೆ ತಾನೆ ಬರುವುದಿಲ್ಲ! ಬೆಲ್ಟ್ ಕಾರಿದ್ದರೆ ಆ ಆಸೆಯನ್ನು ಬಿಡಿ.

ಮಂಡ್ಯದ ಕಡೆ, ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಬಯಲಿನಲ್ಲಿ, ಗದ್ದೆಯ ಮಣ್ಣಿಗೆ ಅಂಟು ಹೆಚ್ಚು. ಭತ್ತ ಕೊಯ್ದ ಗದ್ದೆ ಒಣಗಿದಾಗ ಒಳ್ಳೆಯ ಟ್ರ್ಯಾಕ್ ಆಗುತ್ತದೆ ನಿಜ. ಆದರೆ ಬದುವಿನ ಪಕ್ಕ ತೇವ ಉಳಿದಿರುತ್ತದೆ. ಆ ಮಣ್ಣು ಉಜ್ಜುವುದಕ್ಕಿಂತ ತುಂಬಿಕೊಳ್ಳುವುದೇ ಹೆಚ್ಚು. ಪುಲ್ಲಿಯ ಹಲ್ಲುಗಳ ನಡುವಿನ ಸಂದಿಯಲ್ಲಿ ಮೆತ್ತಿ ಗಟ್ಟಿಯಾದರೆ ಬೆಲ್ಟ್ ಆಳಕ್ಕೆ ಕೂರಲಾರದೆ ಮೇಲೆದ್ದು ಓಡುತ್ತದೆ. ಬೆಳಿಗ್ಗೆ ಸರಿಯಾಗಿದ್ದ ಬಿಗಿತ ಮಧ್ಯಾಹ್ನದ ಹೊತ್ತಿಗೆ ವಿಪರೀತವಾಗಿರುತ್ತದೆ. ಬೇರಿಂಗ್ ಮೇಲೆ ಭಾರ ಬೀಳುತ್ತದೆ, ಬೆಲ್ಟಿನೊಳಗಿನ ಎಳೆಗಳು ಜಗ್ಗುತ್ತವೆ. ಜೊತೆಗೆ ಕಬ್ಬಿನ ತರಗು ಮತ್ತು ಭತ್ತದ ಹುಲ್ಲು. ಒಂದು ಉದ್ದನೆಯ ನಾರು ಒಳಗೆ ಹೋಗಿ ಪುಲ್ಲಿಯ ಅಂಚಿನಲ್ಲಿ ಸುತ್ತಿಕೊಂಡರೆ ಬೆಲ್ಟನ್ನು ಪಕ್ಕಕ್ಕೆ ತಳ್ಳಿ ಅದರ ಅಂಚನ್ನು ಹರಿಯುತ್ತದೆ.

ಆದ್ದರಿಂದ ಕೆಮ್ಮಣ್ಣಿನಲ್ಲಿ ಓಡಿಸುವವರು ಹಲ್ಲಿನ ಸವೆತವನ್ನೂ ಗದ್ದೆಯಲ್ಲಿ ಓಡಿಸುವವರು ಹಲ್ಲಿನ ಸಂದಿಯನ್ನೂ ಹೆಚ್ಚು ಗಮನಿಸಬೇಕು.

ಕೈಯಲ್ಲಿರುವ ಬೆಲ್ಟ್ ಯಾವುದೆಂದು ತಿಳಿಯಿರಿ

ಸಾಮಾನ್ಯವಾಗಿ ನಡುವಿನ ಶಾಫ್ಟಿನಿಂದ ಮುಂದಿನ ಡಿಫ್‌ಗೆ ಒಂದು ಉದ್ದ ಬೆಲ್ಟ್, ಹಿಂದಿನ ಡಿಫ್‌ಗೆ ಒಂದು ಗಿಡ್ಡ ಬೆಲ್ಟ್ ಇರುತ್ತದೆ. (ಡಿಫ್ ಅಂದರೆ ಡಿಫರೆನ್ಷಿಯಲ್, ಎಡ ಬಲ ಚಕ್ರಗಳಿಗೆ ಬಲ ಹಂಚುವ ಭಾಗ.) ಎರಡು ಬೆಲ್ಟುಗಳನ್ನೂ ಒಮ್ಮೆ ಬಿಚ್ಚಿ ಅಳೆದು ಬರೆದಿಟ್ಟುಕೊಳ್ಳಿ. ಅಳೆಯುವುದು ಸುಲಭ. ಬೆಲ್ಟನ್ನು ಮೇಜಿನ ಮೇಲೆ ನೇರ ಹಿಡಿದು ಒಂದನೆಯ ಹಲ್ಲಿನಿಂದ ಹನ್ನೊಂದನೆಯ ಹಲ್ಲಿಗಿರುವ ಅಂತರವನ್ನು ವರ್ನಿಯರ್ ಕ್ಯಾಲಿಪರ್‌ನಿಂದ ನೋಡಿ. 30 ಮಿ.ಮೀ. ಬಂದರೆ ಪಿಚ್, ಅಂದರೆ ಒಂದು ಹಲ್ಲಿನಿಂದ ಮುಂದಿನ ಹಲ್ಲಿಗಿರುವ ಅಂತರ, 3 ಮಿ.ಮೀ. ಒಟ್ಟು ಹಲ್ಲುಗಳನ್ನು ಪಿಚ್‌ನಿಂದ ಗುಣಿಸಿದರೆ ಬೆಲ್ಟಿನ ಸುತ್ತಳತೆ. ಅಗಲವನ್ನೂ ಬರೆಯಿರಿ.

ಇಷ್ಟು ತಿಳಿಯದೆ ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ತ್ರೀಡಿ ಪ್ರಿಂಟರಿನ ಬೆಲ್ಟ್ ತಂದು ಹಾಕಲು ಹೋಗಬೇಡಿ. ಆ ಪ್ರಿಂಟರುಗಳಲ್ಲಿ ಬಳಕೆಯಲ್ಲಿರುವ ಜಿಟಿ2 ಬೆಲ್ಟಿನ ಪಿಚ್ 2 ಮಿ.ಮೀ. ಮೇಲ್ನೋಟಕ್ಕೆ ಒಂದೇ ಥರ ಕಂಡರೂ 3 ಮಿ.ಮೀ. ಪುಲ್ಲಿಯಲ್ಲಿ ಅದು ಕೂರುವುದಿಲ್ಲ. ಪಿಚ್ ಹೊಂದಿದ ಮಾತ್ರಕ್ಕೂ ಸಾಲದು, ಹಲ್ಲಿನ ಆಕಾರವೂ ಹೊಂದಬೇಕು. ದುಂಡು ಹಲ್ಲಿನ ಪುಲ್ಲಿಗೆ ಚಪ್ಪಟೆ ತಲೆಯ ಹಲ್ಲಿನ ಬೆಲ್ಟ್ ಹಾಕಿದರೆ ಎರಡೂ ಹಾಳು.

ಬಿಗಿತ: ಬೆರಳಿನಿಂದ ಶುರು, ಪರೀಕ್ಷೆಯಿಂದ ಖಚಿತ

ಬ್ಯಾಟರಿ ಕಳಚಿ. ಗೇರ್‌ಬಾಕ್ಸ್ ಮತ್ತು ಮೇಲಿನ ಡೆಕ್‌ನ ತಿರುಪುಗಳನ್ನೆಲ್ಲ ಪೂರ್ತಿ ಬಿಗಿ ಮಾಡಿದ ಮೇಲೆಯೇ ಬಿಗಿತ ನೋಡಬೇಕು. ಅರ್ಧ ಬಿಚ್ಚಿದ ಕಾರಿನಲ್ಲಿ ಸರಿ ಕಂಡ ಬೆಲ್ಟ್ ತಿರುಪು ಹಾಕಿದೊಡನೆ ಬದಲಾಗುತ್ತದೆ.

ಉದ್ದ ಬೆಲ್ಟಿನ ನಡುಭಾಗವನ್ನು ಕಿರುಬೆರಳಿನಿಂದ ಹಗುರವಾಗಿ ಒತ್ತಿ. ಹತ್ತನೆಯ ಒಂದರ ಅಳತೆಯ ಕಾರಿನಲ್ಲಿ ಅದು 3ರಿಂದ 5 ಮಿ.ಮೀ. ಬಾಗುವುದು ನಾನು ಇಟ್ಟುಕೊಂಡಿರುವ ಲೆಕ್ಕ. ಹಿಂದಿನ ಗಿಡ್ಡ ಬೆಲ್ಟ್ ಇದಕ್ಕಿಂತ ಬಿಗಿ ಇರಬೇಕು, ಆದರೆ ವೀಣೆಯ ತಂತಿಯ ಹಾಗೆ ನಾದ ಬರುವಷ್ಟಲ್ಲ. ಕೈಪಿಡಿಯಲ್ಲಿ ಬೇರೆ ಅಳತೆ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ.

ಬೆರಳಿನ ಅಂದಾಜು ಅಷ್ಟಕ್ಕಷ್ಟೇ. ನಿಜವಾದ ಪರೀಕ್ಷೆಗೆ ಇನ್ನೊಬ್ಬರ ಕೈ ಬೇಕು. ಹೊಡೆತ ಹೆಚ್ಚಾದಾಗ ತಾನು ಜಾರಿ ಉಳಿದ ಭಾಗಗಳನ್ನು ಕಾಪಾಡುವ ಭಾಗಕ್ಕೆ ಸ್ಲಿಪ್ಪರ್ ಕ್ಲಚ್ ಎನ್ನುತ್ತಾರೆ. ಸ್ಲಿಪ್ಪರ್ ಕ್ಲಚ್‌ನ ನಟ್ಟನ್ನು ಎಷ್ಟು ಸುತ್ತು ತಿರುಗಿಸಿದ್ದೀರಿ ಎಂದು ಎಣಿಸಿಕೊಂಡು, ಅದನ್ನು ತಾತ್ಕಾಲಿಕವಾಗಿ ಪೂರ್ತಿ ಬಿಗಿ ಮಾಡಿ. ಒಬ್ಬರು ನಾಲ್ಕೂ ಚಕ್ರಗಳನ್ನು ನೆಲಕ್ಕೆ ಒತ್ತಿ ಹಿಡಿಯಲಿ. ನೀವು ಸ್ಪರ್ ಗೇರನ್ನು, ಅಂದರೆ ಮೋಟಾರು ತಿರುಗಿಸುವ ದೊಡ್ಡ ಗೇರನ್ನು, ಹೆಬ್ಬೆರಳಿನಿಂದ ಬಲವಾಗಿ ಮುಂದಕ್ಕೆ ತಳ್ಳಿ. ಬೆಲ್ಟ್ ‘ಕಟ್’ ಎಂದು ಒಂದು ಹಲ್ಲು ಜಿಗಿದರೆ ಅದು ಸಡಿಲ. ಜಿಗಿಯದಿದ್ದರೆ ಚಕ್ರ ಬಿಟ್ಟು, ಸ್ಪರ್ ಗೇರನ್ನು ಒಂದು ಪೂರ್ತಿ ಸುತ್ತು ನಿಧಾನವಾಗಿ ತಿರುಗಿಸಿ. ಎಲ್ಲಿಯಾದರೂ ಹಿಡಿದಂತಾಗಿ ಮತ್ತೆ ಬಿಟ್ಟಂತಾದರೆ ವಿಪರೀತ ಬಿಗಿ, ಇಲ್ಲವೇ ಪುಲ್ಲಿ ಓರೆ. ಹಲ್ಲು ಜಿಗಿಯದ, ತಿರುಗಲು ತಡೆಯಾಗದ ಬಿಗಿತಗಳಲ್ಲಿ ಅತಿ ಸಡಿಲವಾದದ್ದನ್ನು ಆರಿಸಿಕೊಳ್ಳಿ.

ಬಿಗಿತ ಬದಲಿಸಲು ಬಹಳಷ್ಟು ಕಾರುಗಳಲ್ಲಿ ಡಿಫ್‌ನ ಬೇರಿಂಗ್ ಹಿಡಿದಿರುವ ಪ್ಲಾಸ್ಟಿಕ್ ಬಿಲ್ಲೆ ಇರುತ್ತದೆ. ಅದರ ರಂಧ್ರ ನಡುಮಧ್ಯದಲ್ಲಿಲ್ಲ, ಒಂದು ಬದಿಗೆ ಸರಿದಿರುತ್ತದೆ. ಬಿಲ್ಲೆ ತಿರುಗಿಸಿದರೆ ಡಿಫ್ ಹಿಂದೆ ಮುಂದೆ ಸರಿಯುತ್ತದೆ. ಎಡ ಬಲ ಎರಡೂ ಬಿಲ್ಲೆಗಳು ಒಂದೇ ಗುರುತಿನಲ್ಲಿರಬೇಕು. ಒಂದು ಮನೆ ಹೆಚ್ಚು ಕಡಿಮೆಯಾದರೂ ಡಿಫ್ ಓರೆಯಾಗಿ ಕೂತು ಬೆಲ್ಟ್ ಒಂದು ಪಕ್ಕಕ್ಕೆ ನಡೆಯುತ್ತದೆ. ಮನೆಯ ಗುರುತು ಸರಿಯಾಗಿ ಕಾಣದಿದ್ದರೆ ಬಿಳಿ ಪೇಂಟಿನ ಒಂದು ಚುಕ್ಕೆ ಇಟ್ಟುಕೊಳ್ಳಿ.

ಸ್ಲಿಪ್ಪರ್ ಜಾರಲಿ, ಬೆಲ್ಟ್ ಜಿಗಿಯದಿರಲಿ

ಇಡೀ ಲೇಖನದಲ್ಲಿ ಒಂದೇ ಕೆಲಸ ಮಾಡುವಷ್ಟು ಪುರುಸೊತ್ತಿದ್ದರೆ ಇದನ್ನು ಮಾಡಿ. ಹಠಾತ್ ಹೊಡೆತ ಬಿದ್ದಾಗ ಎಲ್ಲೋ ಒಂದು ಕಡೆ ಏನೋ ಒಂದು ಸಡಿಲ ಬಿಡಲೇಬೇಕು. ಅದು ಸ್ಲಿಪ್ಪರ್ ಆಗಿದ್ದರೆ ಒಂದು ಅಗ್ಗದ ಪ್ಯಾಡ್ ಸವೆಯುತ್ತದೆ. ಸ್ಲಿಪ್ಪರನ್ನು ಬಿಗಿದು ಕಟ್ಟಿಬಿಟ್ಟರೆ ಆ ಕೆಲಸ ಬೆಲ್ಟಿನ ಹಲ್ಲುಗಳ ಪಾಲಿಗೆ ಬರುತ್ತದೆ. ಒಮ್ಮೆ ಜಿಗಿದ ಹಲ್ಲಿನ ತುದಿ ಕೆರೆದುಹೋಗಿರುತ್ತದೆ, ಮುಂದಿನ ಸಲ ಇನ್ನೂ ಕಡಿಮೆ ಬಲಕ್ಕೆ ಜಿಗಿಯುತ್ತದೆ. ಆಗ ಎಲ್ಲರೂ ಮಾಡುವುದು ಬೆಲ್ಟನ್ನು ಇನ್ನಷ್ಟು ಬಿಗಿ ಮಾಡುವುದು. ಬೇರಿಂಗ್ ಹೋಗುವುದು, ಮೋಟಾರು ಕಾಯುವುದು, ಬ್ಯಾಟರಿ ಬೇಗ ಬರಿದಾಗುವುದು ಎಲ್ಲ ಅಲ್ಲಿಂದಲೇ ಶುರು.

ಸ್ಲಿಪ್ಪರ್ ಹೊಂದಿಸುವ ಕ್ರಮ ಇದು: ನಟ್ಟನ್ನು ಸ್ವಲ್ಪ ಹೆಚ್ಚೇ ಸಡಿಲ ಮಾಡಿ, ನೀವು ಓಡಿಸುವ ನೆಲದ ಮೇಲೆಯೇ ನಿಂತಲ್ಲಿಂದ ಪೂರ್ತಿ ಥ್ರಾಟಲ್ ಕೊಡಿ. ಮನೆಯ ಟೈಲ್ಸ್ ಮೇಲೆ ಮಾಡಿದ ಹೊಂದಾಣಿಕೆ ಮೈದಾನದಲ್ಲಿ ನಡೆಯುವುದಿಲ್ಲ. ಹೊರಡುವಾಗ ಒಂದೆರಡು ಅಡಿಯಷ್ಟು ದೂರ ‘ಸುಯ್’ ಎಂಬ ಜಾರುವ ಸದ್ದು ಬಂದು ನಿಲ್ಲುವವರೆಗೆ ಕಾಲು ಕಾಲು ಸುತ್ತಿನಂತೆ ಬಿಗಿ ಮಾಡುತ್ತಾ ಬನ್ನಿ. ಸದ್ದಿನ ವ್ಯತ್ಯಾಸ ಕಿವಿಗೆ ಹತ್ತಬೇಕು. ಸ್ಲಿಪ್ಪರಿನದು ಎಳೆದ ಸದ್ದು, ಬೆಲ್ಟಿನದು ಬಿಡಿ ಬಿಡಿಯಾದ ‘ಕಟಕಟ’. ಎರಡನೆಯದು ಕೇಳಿದೊಡನೆ ಥ್ರಾಟಲ್ ಬಿಡಿ. ಆ ಬ್ಯಾಟರಿ ಮುಗಿಯುವವರೆಗೆ ಓಡಿಸೋಣ ಎನ್ನುವ ಲೋಭಕ್ಕೆ ಒಂದು ಬೆಲ್ಟ್ ಬಲಿ.

ಕಾರಿಗೆ ಸ್ಲಿಪ್ಪರ್ ಇಲ್ಲದಿದ್ದರೆ ಮೋಟಾರಿನ ವೇಗವನ್ನು ನಿಯಂತ್ರಿಸುವ ಇಎಸ್‌ಸಿಯಲ್ಲಿ ಪಂಚ್ (ಹೊರಡುವಾಗಿನ ರಭಸ) ಇಳಿಸಿ, ಬ್ರೇಕ್ ಬಲವನ್ನೂ ತಗ್ಗಿಸಿ.

ನೇರ ಇದೆಯೇ?

ಬೆಲ್ಟಿನ ಅಂಚಿನಲ್ಲಿ ಹತ್ತಿಯ ನೂಲಿನಂಥ ಸಣ್ಣ ಎಳೆಗಳು ಎದ್ದಿದ್ದರೆ ಅದು ಪುಲ್ಲಿಯ ಅಂಚುಪಟ್ಟಿಗೆ ಉಜ್ಜುತ್ತಿದೆ ಎಂದರ್ಥ. ಎದ್ದಿರುವುದು ಬೆಲ್ಟಿಗೆ ಬಲ ಕೊಡುವ ಎಳೆಗಳೇ. ಕೆವ್ಲಾರ್ ಆಗಲಿ ಗಾಜಿನ ನಾರಾಗಲಿ, ಅವುಗಳನ್ನು ಕತ್ತರಿಸಿ ಚೆಂದ ಮಾಡಿದರೆ ಕಾಯಿಲೆ ಹೋಗುವುದಿಲ್ಲ. ಕಾರನ್ನು ಕಿಟಕಿಯ ಗಾಜಿನಂಥ ಸಮತಟ್ಟಾದ ಹಲಗೆಯ ಮೇಲಿಟ್ಟು ಷಾಸಿ ತಿರುಚಿದೆಯೇ ನೋಡಿ. ತಿರುಚಿದ್ದರೆ ಮೇಲಿನ ಡೆಕ್‌ನ ತಿರುಪುಗಳನ್ನು ಸಡಿಲಿಸಿ, ಕಾರನ್ನು ಹಲಗೆಗೆ ಒತ್ತಿ ಹಿಡಿದು ಮತ್ತೆ ಬಿಗಿ ಮಾಡಿ. ನಂತರ ಪುಲ್ಲಿಯ ಎರಡು ಬದಿಯ ಬೇರಿಂಗ್‌ಗಳನ್ನು ಬೆರಳಿನ ಮೇಲೆ ತಿರುಗಿಸಿ ನೋಡಿ. ಗರಗರ ಎನ್ನುವ ಬೇರಿಂಗ್ ಶಾಫ್ಟನ್ನು ಓಲಾಡಿಸುತ್ತದೆ, ಬೆಲ್ಟ್ ಅದರ ಹಿಂದೆ ಓಲಾಡುತ್ತದೆ.

ಮಣ್ಣಿಗೆ ಬಾಗಿಲು ಹಾಕುವುದು

ಪೂರ್ತಿ ಮುಚ್ಚಿಬಿಡುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ, ಅದೇ ತಪ್ಪು ಉಪಾಯ ಕೂಡ. ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ ಮೋಟಾರಿಗೆ ಗಾಳಿ ಬೇಕು. ಮುಚ್ಚಿದ ಪೆಟ್ಟಿಗೆಯೊಳಗೆ ಹೇಗೋ ಹೊಕ್ಕ ಒಂದು ಕಲ್ಲು ಹೊರಬರಲು ದಾರಿಯಿಲ್ಲದೆ ಮತ್ತೆ ಮತ್ತೆ ಬೆಲ್ಟಿನ ಅಡಿಗೆ ಸಿಗುತ್ತದೆ. ಎರಡು ಮಿಲಿಮೀಟರಿನ ಒಂದು ನೊರಜುಗಲ್ಲು ಸಾಕು. ಬೆಲ್ಟ್ ಮತ್ತು ಪುಲ್ಲಿಯ ನಡುವೆ ಅದು ಒಂದು ಸುತ್ತು ಹಾದುಹೋದರೆ ಒಳಗಿನ ಎಳೆಗಳು ತುಂಡಾಗುತ್ತವೆ, ಪ್ಲಾಸ್ಟಿಕ್ ಪುಲ್ಲಿಯಾದರೆ ಹಲ್ಲೇ ಮುರಿಯುತ್ತದೆ.

ಬೆಲ್ಟ್ ಹಾದುಹೋಗುವ ಓಣಿಯನ್ನು ಮಾತ್ರ ಮುಚ್ಚಿ, ಮೋಟಾರಿನ ಭಾಗವನ್ನು ತೆರೆದಿಡಿ. ಬಾಡಿ ಮತ್ತು ಷಾಸಿಯ ಅಂಚು ಸೇರುವಲ್ಲಿ ವೆಲ್ಕ್ರೋ ಪಟ್ಟಿ, ಗೇರ್‌ಬಾಕ್ಸಿನ ಸಂದಿಗಳಿಗೆ ತೆಳು ಫೋಮ್. ಗಾಳಿಗೆಂದು ಬಿಟ್ಟ ಕಿಂಡಿಗಳಿಗೆ ಹಳೆಯ ನೈಲಾನ್ ಕಾಲುಚೀಲದ ಬಟ್ಟೆ. ಕಲ್ಲು, ತರಗು ಎರಡನ್ನೂ ಅದು ತಡೆಯುತ್ತದೆ, ಗಾಳಿಯನ್ನು ಬಿಡುತ್ತದೆ. ಸೊಳ್ಳೆ ಪರದೆಯ ಕಣ್ಣು ನಮ್ಮ ಧೂಳಿಗೆ ದೊಡ್ಡದಾಯಿತು. ಕೊನೆಯದಾಗಿ, ಬಾಡಿಯ ಹಿಂಭಾಗದ ಕೆಳಗಡೆ ಒಂದು ಕಿಂಡಿ ಬಿಡಿ. ಒಳಗೆ ಹೋದದ್ದು ಓಟದ ರಭಸಕ್ಕೆ ಅಲ್ಲಿಂದ ಹೊರಬೀಳಲಿ.

ಎಣ್ಣೆ, ರಾಳ, ಪೌಡರ್: ಯಾವುದೂ ಬೇಡ

ಹಿಟ್ಟಿನ ಗಿರಣಿಯಲ್ಲಿ ಚಪ್ಪಟೆ ಬೆಲ್ಟಿಗೆ ರಾಳ ಉಜ್ಜುವುದನ್ನು ನೋಡಿದವರು ಇಲ್ಲಿಯೂ ಅದೇ ಬುದ್ಧಿ ಹೇಳುತ್ತಾರೆ. ಗಿರಣಿಯ ಚಪ್ಪಟೆ ಬೆಲ್ಟ್ ಎಳೆಯುವುದು ಉಜ್ಜಾಟದ ಹಿಡಿತದಿಂದ, ಅಲ್ಲಿ ರಾಳಕ್ಕೆ ಕೆಲಸವಿದೆ. ಹಲ್ಲಿನ ಬೆಲ್ಟ್ ಎಳೆಯುವುದು ಹಲ್ಲಿಗೆ ಹಲ್ಲು ಕೂತು. ಅಂಟಾದದ್ದು ಏನೇ ಹಾಕಿದರೂ ಅದು ಧೂಳು ಹಿಡಿದು ವಾಲ್ವ್ ಉಜ್ಜುವ ಪೇಸ್ಟ್ ಆಗುತ್ತದೆ. ನೀವು ಹಾಕದಿದ್ದರೂ ಗೇರ್ ಡಿಫ್‌ನ ಸಿಲಿಕೋನ್ ಎಣ್ಣೆ ಸೋರಿ ಪುಲ್ಲಿಗೆ ಹತ್ತಿರಬಹುದು. ಪುಲ್ಲಿಯ ಮೇಲೆ ಮಣ್ಣು ಒಣ ಪುಡಿಯಾಗಿರದೆ ಕಪ್ಪು ಮಸಿಯಂತೆ ಅಂಟಿದ್ದರೆ ಡಿಫ್‌ನ ಓ-ರಿಂಗ್ ಮತ್ತು ಗ್ಯಾಸ್ಕೆಟ್ ನೋಡಿ.

ಓಡಿಸುವ ಕೈ

ಗಾಳಿಯಲ್ಲಿರುವಾಗ ಪೂರ್ತಿ ಥ್ರಾಟಲ್ ಹಿಡಿದೇ ಇಳಿಯುವುದು ಬೆಲ್ಟಿಗೆ ಅತ್ಯಂತ ಕೆಟ್ಟದ್ದು. ನೆಲ ಮುಟ್ಟಿದ ಕ್ಷಣ ಹುಚ್ಚು ವೇಗದಲ್ಲಿ ತಿರುಗುತ್ತಿದ್ದ ಚಕ್ರಗಳು ಒಮ್ಮೆಲೇ ನಿಧಾನವಾಗಬೇಕಾಗುತ್ತದೆ, ಆ ಹೊಡೆತ ನೇರ ಬೆಲ್ಟಿಗೆ. ಇಳಿಯುವ ಮುನ್ನ ಥ್ರಾಟಲನ್ನು ಕಾರಿನ ವೇಗಕ್ಕೆ ಸಮ ಮಾಡಿ. ಮುಂದಕ್ಕೆ ಓಡುತ್ತಿರುವಾಗಲೇ ರಿವರ್ಸ್ ಹಾಕುವ ಚಾಳಿಯೂ ಬೇಡ. ಗದ್ದೆಯಲ್ಲಿ ಕಾರು ಕೂಳೆಗೆ ಸಿಕ್ಕಿಕೊಂಡರೆ ನಡೆದು ಹೋಗಿ ಬಿಡಿಸಿ ತನ್ನಿ, ಥ್ರಾಟಲ್ ಕೊಟ್ಟು ಬಿಡಿಸಬೇಡಿ.

ಪ್ರತಿ ಬ್ಯಾಟರಿ ಮುಗಿದ ಮೇಲೆ

ಒಣ ಕುಂಚವೇ ಮುಖ್ಯ ಆಯುಧ. ಅರ್ಧ ಇಂಚಿನ ಪೇಂಟ್ ಬ್ರಷ್ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಚಕ್ರವನ್ನು ಕೈಯಲ್ಲಿ ತಿರುಗಿಸುತ್ತಾ ಬೆಲ್ಟಿನ ಒಳಮೈಯನ್ನು, ನಂತರ ಪುಲ್ಲಿಯ ಪ್ರತಿ ಸಂದಿಯನ್ನು ಗುಡಿಸಿ. ಗದ್ದೆ ಮಣ್ಣು ಮೆತ್ತಿದ್ದರೆ ಒಣಗಲು ಬಿಟ್ಟು, ಬಿದಿರಿನ ಹಲ್ಲುಕಡ್ಡಿಯಿಂದ ಸಂದಿ ಸಂದಿಯನ್ನೂ ಕೆರೆಯಿರಿ. ತಂತಿ, ಪಿನ್ನು ಬೇಡ, ಆನೊಡೈಸ್ ಪದರಕ್ಕೆ ಗೀರು ಬೀಳುತ್ತದೆ.

ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಹೊಡೆಸುವವರಿದ್ದಾರೆ. ಹತ್ತಿರದಿಂದ ಹೊಡೆದರೆ ಆ ಗಾಳಿ ಧೂಳನ್ನು ಬೇರಿಂಗ್ ಒಳಗೇ ತಳ್ಳುತ್ತದೆ. ದೂರದಿಂದ, ಒಳಗಿನಿಂದ ಹೊರಗಿನ ದಿಕ್ಕಿಗೆ ಮಾತ್ರ ಹೊಡೆಯಿರಿ. ಕಾರನ್ನು ನಾಲೆಯ ನೀರಿನಲ್ಲಿ ಅದ್ದಿ ತೊಳೆಯುವುದು ನೋಡಲು ಖುಷಿ, ಆದರೆ ಆ ನೀರಿನಲ್ಲಿರುವ ಸಣ್ಣ ಮರಳು ಕುಂಚ ಹೋಗದ ಕಡೆಗೆಲ್ಲ ಹೋಗಿ ಕೂರುತ್ತದೆ. ಬೇರಿಂಗ್ ತುಕ್ಕು ಬೇರೆ.

ಸವೆತವನ್ನು ಗುರುತಿಸುವುದು

ಮೊಬೈಲ್ ಕ್ಯಾಮೆರಾದ ಮ್ಯಾಕ್ರೋ ಸಾಕಾಗುತ್ತದೆ. ಬೆಲ್ಟನ್ನು ಹಿಂದಕ್ಕೆ ಬಾಗಿಸಿ ಹಲ್ಲಿನ ಬುಡ ನೋಡಿ, ಕೂದಲೆಳೆಯಂಥ ಬಿರುಕು ಅಲ್ಲಿಯೇ ಮೊದಲು ಕಾಣುವುದು. ಹಲ್ಲಿನ ಒಂದು ಬದಿ ಮಾತ್ರ ಹೊಳೆಯುತ್ತಿದ್ದರೆ ಅದು ಭಾರ ಹೊರುವ ಬದಿ. ಪುಲ್ಲಿಯಲ್ಲಿ ಕಪ್ಪು ಪದರ ಹೋಗಿ ಬೆಳ್ಳಿಯ ಬಣ್ಣ ಕಂಡರೆ ದಿನ ಎಣಿಸಲು ಶುರುಮಾಡಿ. ಹಲ್ಲಿನ ತುದಿ ಚೂಪಾಗಿ ಒಂದು ಕಡೆಗೆ ಕೊಕ್ಕೆಯಂತೆ ಬಾಗಿದ್ದರೆ ಎಣಿಸುವುದೂ ಬೇಡ, ಬಿಸಾಡಿ. ಪ್ಲಾಸ್ಟಿಕ್ ಪುಲ್ಲಿಯಲ್ಲಿ ಮರಳಿನ ಕಣ ಹುದುಗಿಕೊಂಡು ಬಿಸಿಲಿಗೆ ಮಿಣುಗುತ್ತದೆ. ಅಂಥದ್ದು ಇನ್ನು ಪುಲ್ಲಿಯಲ್ಲ, ಉಪ್ಪುಕಾಗದದ ಉರುಳೆ.

‘ಬೆಲ್ಟ್ ಹಿಗ್ಗಿದೆ’ ಎನ್ನುವ ಮಾತನ್ನು ಪೂರ್ತಿ ನಂಬಬೇಡಿ. ಎಳೆಗಳಿರುವ ಬೆಲ್ಟ್ ಹಿಗ್ಗುವುದು ತೀರ ಕಡಿಮೆ. ಬಹುಪಾಲು ಸಲ ಪುಲ್ಲಿ ಸಣ್ಣದಾಗಿರುತ್ತದೆ. ಲೆಕ್ಕ ಹಾಕಿ ನೋಡಿ. 20 ಹಲ್ಲಿನ, 3 ಮಿ.ಮೀ. ಪಿಚ್‌ನ ಪುಲ್ಲಿಯ ಸುತ್ತ ಬೆಲ್ಟ್ ಸಾಗುವ ದಾರಿ 60 ಮಿ.ಮೀ. ಹಲ್ಲಿನ ತುದಿ 0.1 ಮಿ.ಮೀ. ಸವೆದರೆ ವ್ಯಾಸ 0.2 ಕಡಿಮೆಯಾಗಿ, ದಾರಿ ಸುಮಾರು 0.63 ಮಿ.ಮೀ. ತಗ್ಗುತ್ತದೆ. ಈಗ ಪುಲ್ಲಿಯ ಹಲ್ಲುಗಳ ಅಂತರ 3ರ ಬದಲು 2.97. ಬೆಲ್ಟಿನದು ಇನ್ನೂ 3. ಆರೇಳು ಹಲ್ಲುಗಳು ಹಂಚಿಕೊಂಡು ಹೊರಬೇಕಾದ ಭಾರ ಒಂದೆರಡು ಹಲ್ಲುಗಳ ತಲೆಗೆ ಬರುತ್ತದೆ. ಹಳೆಯ ಪುಲ್ಲಿಗೆ ಹೊಸ ಬೆಲ್ಟ್ ಹಾಕಿದಾಗ ಅದು ಹಳೆಯದಕ್ಕಿಂತ ಬೇಗ ಸಾಯುವುದು ಇದರಿಂದಲೇ.

ಬದಲಿಸುವಾಗ

ಬೆಲ್ಟ್ ಜೊತೆಗೆ ನಡುವಿನ ಚಿಕ್ಕ ಪುಲ್ಲಿಯನ್ನೂ ಬದಲಿಸಿ. ಡಿಫ್‌ನ ಪುಲ್ಲಿಗೆ 40 ಹಲ್ಲು, ನಡುವಿನದಕ್ಕೆ 20 ಇದ್ದರೆ ಚಿಕ್ಕದರ ಪ್ರತಿ ಹಲ್ಲೂ ಎರಡು ಪಟ್ಟು ಸಲ ಬೆಲ್ಟಿಗೆ ತಾಗುತ್ತದೆ, ಮೊದಲು ಸವೆಯುವುದು ಅದೇ. ದೊಡ್ಡ ಪುಲ್ಲಿ ಎರಡು ಮೂರು ಬೆಲ್ಟುಗಳ ಕಾಲ ಬಾಳಬಹುದು, ನೋಡಿ ತೀರ್ಮಾನಿಸಿ. ಹೊಸ ಬೆಲ್ಟನ್ನು ಸ್ಕ್ರೂಡ್ರೈವರಿನಿಂದ ಮೀಟಿ ಹಾಕಬೇಡಿ, ಡಿಫ್ ಸಡಿಲಿಸಿ ಹಾಕಿ. ಬಿಡಿ ಬೆಲ್ಟುಗಳನ್ನು ಮಡಿಸಿ ರಬ್ಬರ್‌ಬ್ಯಾಂಡ್ ಹಾಕಿಟ್ಟರೆ ಮಡಿಕೆಯಲ್ಲಿ ಎಳೆ ಮುರಿಯುತ್ತದೆ. ಉಂಗುರದ ಆಕಾರದಲ್ಲೇ ಡಬ್ಬಿಯಲ್ಲಿಟ್ಟು, ಬಿಸಿಲು ಬೀಳದ ಕಡೆ ಇಡಿ.

ತಯಾರಿಕೆ ನಿಂತ ಕಾರುಗಳಿಗೆ ಪುಲ್ಲಿ ಸಿಗುವುದು ಕಷ್ಟ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಮಾಡಿಸಬಹುದು, ಆದರೆ ಬರೀ ಲೇತ್ ಇರುವ ಕಡೆ ಹೋಗಿ ಪ್ರಯೋಜನವಿಲ್ಲ. ಹಲ್ಲು ಕೊರೆಯಲು ಮಿಲ್ಲಿಂಗ್ ಯಂತ್ರ, ಅದಕ್ಕೆ ಸುತ್ತನ್ನು ಸಮನಾಗಿ ಭಾಗಿಸುವ ಡಿವೈಡಿಂಗ್ ಹೆಡ್ ಮತ್ತು ನಿಮ್ಮ ಬೆಲ್ಟಿನ ಹಲ್ಲಿನ ಆಕಾರದ ಕಟ್ಟರ್ ಮೂರೂ ಬೇಕು. ಹಳೆಯ ಪುಲ್ಲಿಯ ಜೊತೆ ಹೊಸ ಬೆಲ್ಟನ್ನೂ ತೆಗೆದುಕೊಂಡು ಹೋಗಿ. ಸವೆದ ಪುಲ್ಲಿಯನ್ನಷ್ಟೇ ತೋರಿಸಿದರೆ ಸವೆದ ಅಳತೆಗೇ ಹೊಸದು ತಯಾರಾಗುತ್ತದೆ. ತ್ರೀಡಿ ಪ್ರಿಂಟ್ ಮಾಡಿದ ಪುಲ್ಲಿ ತಾತ್ಕಾಲಿಕಕ್ಕೆ ಸರಿ, ಆದರೆ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆದುವಾಗುತ್ತದೆ. ಬೇಸಿಗೆಯಲ್ಲಿ ಬಾಗಿಲು ಹಾಕಿ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಬಗ್ಗಿ ಬಿಟ್ಟು ಹೋದರೆ ಹಲ್ಲು ಸೊಟ್ಟಗಾದೀತು. ನೈಲಾನ್‌ನಲ್ಲಿ ಮಾಡಿಸಿ.

ಹೊಸ ಬೆಲ್ಟ್ ಅಂಚೆಯಲ್ಲಿ ಬರುವವರೆಗೆ ಕಾಯಲಾಗದಿದ್ದರೆ ಒಂದು ದಾರಿಯಿದೆ. ಹಲ್ಲಿನ ಬುಡದಲ್ಲಿ ಬಿರುಕಿಲ್ಲ, ಒಂದು ಬದಿ ಮಾತ್ರ ಹೊಳೆಯುತ್ತಿದೆ ಎಂದಾದರೆ ಬೆಲ್ಟನ್ನು ಬಿಚ್ಚಿ ಎಡದ ಅಂಚು ಬಲಕ್ಕೆ ಬರುವಂತೆ ತಿರುಗಿಸಿ ಹಾಕಿ. ಈವರೆಗೆ ಬ್ರೇಕ್ ಹಾಕಿದಾಗ ಮಾತ್ರ ಕೆಲಸ ಮಾಡುತ್ತಿದ್ದ ಬದಿ ಈಗ ಎಳೆಯುವ ಬದಿಯಾಗುತ್ತದೆ. ಸ್ಲಿಪ್ಪರನ್ನು ಇನ್ನೊಂದು ಕಾಲು ಸುತ್ತು ಸಡಿಲ ಬಿಟ್ಟು, ಜಿಗಿತಗಳಿಲ್ಲದ ನೆಲದಲ್ಲಿ ಓಡಿಸಿ.